ಕಾರಿನೊಳಗೆ ಹೊದಿಸಿದ ವಿನೈಲ್ ಎದ್ದರೆ, ಮೊದಲು ಅದರ ಬೆನ್ನು ನೋಡಿ

ಮೇ ತಿಂಗಳ ಕಲಬುರಗಿ. ಶನಿವಾರ ರಾತ್ರಿ ಹನ್ನೊಂದರವರೆಗೆ ಕೂತು ಗೇರ್ ಕನ್ಸೋಲಿಗೆ ಕಾರ್ಬನ್ ಫೈಬರಿನಂತೆ ಕಾಣುವ ಕಪ್ಪು ವಿನೈಲ್ ಶೀಟು, ಅಂದರೆ ಬೆನ್ನಿಗೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ, ಹೊದಿಸಿದ್ದೆ. ಭಾನುವಾರವೆಲ್ಲ ಕಂಡಕಂಡವರಿಗೆ ತೋರಿಸಿದ್ದಾಯಿತು. ಸೋಮವಾರ ಮಧ್ಯಾಹ್ನ ಆಫೀಸಿನ ಮುಂದೆ ಬಿಸಿಲಲ್ಲಿ ನಿಂತಿದ್ದ ಕಾರಿನ ಬಾಗಿಲು ತೆಗೆದರೆ, ಕಪ್ ಹೋಲ್ಡರ್ ಪಕ್ಕದ ಮೂಲೆ ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಬಾಯಿ ಬಿಟ್ಟಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಹೆಬ್ಬೆರಳಲ್ಲಿ ಒತ್ತಿದೆ, ಕೂತಿತು, ಸಂಜೆಗೆ ಮತ್ತೆ ಎದ್ದಿತು. ಹೀಟ್ ಗನ್ ಹಿಡಿದೆ, ಇನ್ನಷ್ಟು ಎದ್ದಿತು. ಸಿಟ್ಟಿಗೆ ಎರಡು ಹನಿ ಸೂಪರ್ ಗ್ಲೂ ಬಿಟ್ಟೆ. ಮೂಲೆಯೇನೋ ಕೂತಿತು, ಆದರೆ ಆ ಗ್ಲೂವಿನ ಆವಿ ಸುತ್ತಲಿನ ಕಪ್ಪು ಪ್ಲಾಸ್ಟಿಕ್ ಮೇಲೆ ವಿಭೂತಿ ಬಳಿದಂತೆ ಬೆಳ್ಳಗೆ ಕೂತುಬಿಟ್ಟಿತು. ಮೂರು ಪ್ರಯತ್ನದಲ್ಲಿ ಒಮ್ಮೆಯಾದರೂ ಶೀಟು ಯಾಕೆ ಎದ್ದಿದೆ ಎಂದು ತಿರುಗಿಸಿ ನೋಡಿರಲಿಲ್ಲ. ಕೊನೆಗೆ ಇಡೀ ತುಂಡನ್ನು ಕಿತ್ತು ಅದರ ಬೆನ್ನು ನೋಡಿದಾಗ ಉತ್ತರ ಅಲ್ಲೇ ಇತ್ತು.

ಒಂದು ಸೆಂಟಿಮೀಟರ್ ಬಿಚ್ಚಿ ನೋಡಿ

ಎದ್ದ ಮೂಲೆಯನ್ನು ಒತ್ತುವ ಮೊದಲು ಇನ್ನೊಂದು ಸೆಂಟಿಮೀಟರ್‌ನಷ್ಟು ನಿಧಾನವಾಗಿ ಬಿಚ್ಚಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಎರಡೂ ಕಡೆ ನೋಡಿ: ಶೀಟಿನ ಅಂಟು ಹೇಗಿದೆ, ಅದು ಕೂತಿದ್ದ ಪ್ಲಾಸ್ಟಿಕ್ ಹೇಗಿದೆ.

ಅಂಟೆಲ್ಲ ಶೀಟಿನಲ್ಲೇ ಉಳಿದು ಪ್ಲಾಸ್ಟಿಕ್ ಬೋಳಾಗಿದ್ದರೆ ಅಂಟು ಮೊದಲಿನಿಂದಲೇ ಅಲ್ಲಿ ಹಿಡಿದಿಲ್ಲ. ತಪ್ಪು ಮೇಲ್ಮೈಯದು. ಅಂಟು ಪ್ಲಾಸ್ಟಿಕ್ ಮೇಲೇ ಉಳಿದು ಶೀಟು ಬರಿದಾಗಿ ಬಂದರೆ ಹಿಡಿತಕ್ಕೆ ಏನೂ ಆಗಿಲ್ಲ, ಶೀಟಿಗೂ ಅಂಟಿಗೂ ನಡುವಿನ ನಂಟೇ ಬಿಟ್ಟಿದೆ. ಅದು ಅಗ್ಗದ ಅಥವಾ ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಶೀಟು. ಅದರ ಜೊತೆ ಗುದ್ದಾಡಬೇಡಿ, ಬೇರೆ ತನ್ನಿ. ಅಂಟಿನ ಮೇಲೆ ತರಿತರಿಯಾದ ಚುಕ್ಕೆಗಳ ಅಚ್ಚು ಮೂಡಿದ್ದರೆ ಅದು ಗ್ರೇನ್ (ಚರ್ಮದಂಥ ತರಿ) ಇರುವ ಪ್ಲಾಸ್ಟಿಕ್ಕಿನ ಉಬ್ಬುಗಳನ್ನಷ್ಟೇ ಮುಟ್ಟಿದೆ, ಕುಳಿಗಳಿಗೆ ಇಳಿದಿಲ್ಲ. ಧೂಳು, ಕೂದಲು, ಬಟ್ಟೆಯ ಎಳೆ ಕಂಡರೆ ಹೇಳುವುದೇನಿಲ್ಲ, ಕೆಲಸ ಮಾಡುವಾಗ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು.

ಇನ್ನೊಂದು ಬಗೆಯಿದೆ, ಅದನ್ನು ಬಿಚ್ಚಿ ನೋಡಬೇಕಾಗಿಯೇ ಇಲ್ಲ. ಶೀಟು ಎದ್ದಿರುವುದಿಲ್ಲ, ಹಿಂದೆ ಸರಿದಿರುತ್ತದೆ. ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಅಗಲಕ್ಕೆ ಜಿಗುಟಾದ ಅಂಟಿನ ಗೆರೆ, ಅದಕ್ಕೆ ಮೆತ್ತಿದ ಧೂಳು. ಶೀಟು ಕುಗ್ಗಿದೆ ಎಂದರ್ಥ.

ಯಾವಾಗ ಎದ್ದಿತು ಎನ್ನುವುದೂ ಅಷ್ಟೇ ಮುಖ್ಯ. ಹಚ್ಚಿದ ಗಂಟೆಯೊಳಗೇ ಎದ್ದರೆ ಕೊಳೆ, ಅಥವಾ ಮೂಲೆಯಲ್ಲಿ ತಣ್ಣಗಿರುವಾಗಲೇ ಜಗ್ಗಿ ಕೂರಿಸಿದ್ದೀರಿ. ಮೊದಲ ಬಿಸಿಲಿಗೆ ಎದ್ದರೆ ಹೆಚ್ಚಾಗಿ ಎಳೆತ. ನಾಲ್ಕಾರು ತಿಂಗಳ ಮೇಲೆ ಎಲ್ಲ ಅಂಚುಗಳೂ ಒಟ್ಟಿಗೇ ಒಳಸರಿದರೆ ಶೀಟಿನ ಜಾತಿಯೇ ಅಂಥದ್ದು.

ಪಾಲಿಶ್ ಎಂಬ ಕಳ್ಳ

ನನ್ನ ಕಾರಿನಲ್ಲಿ ಪ್ಲಾಸ್ಟಿಕ್ ಬೋಳಾಗಿತ್ತು, ಅಂಟು ಪೂರ್ತಿ ಶೀಟಿನಲ್ಲಿತ್ತು. ಬೆರಳಾಡಿಸಿದರೆ ಪ್ಲಾಸ್ಟಿಕ್ ಎಣ್ಣೆ ಹಚ್ಚಿದ ಹಂಚಿನಂತೆ ಜಾರುತ್ತಿತ್ತು. ಕಾರು ತೊಳೆಸಿದಾಗಲೆಲ್ಲ ಹುಡುಗರು ಡ್ಯಾಶ್‌ಬೋರ್ಡಿಗೆ ಪಿಚಕಾರಿ ಹೊಡೆದು ಮಿಂಚಿಸಿ ಕೊಡುತ್ತಾರಲ್ಲ, ಆ ಪಾಲಿಶ್. ಇಂಥವುಗಳಲ್ಲಿ ಬಹುಪಾಲು ಸಿಲಿಕೋನ್ ಎಣ್ಣೆಯವು. ವಿನೈಲಿಗೆ ಅದಕ್ಕಿಂತ ದೊಡ್ಡ ವೈರಿ ಇಲ್ಲ. ಒಮ್ಮೆ ಒರೆಸಿದರೆ ಹೋಗುವುದಿಲ್ಲ, ಒರೆಸುವ ಬಟ್ಟೆಯೇ ಅದನ್ನು ಇನ್ನೊಂದು ಭಾಗಕ್ಕೆ ಹೊತ್ತೊಯ್ಯುತ್ತದೆ.

ಮೊದಲು ಪಾತ್ರೆ ತೊಳೆಯುವ ಸೋಪು, ಬೆಚ್ಚನೆ ನೀರು, ಹಳೇ ಹಲ್ಲುಜ್ಜುವ ಬ್ರಷ್. ಭಾಗವನ್ನು ಕಾರಿನಿಂದ ಬಿಚ್ಚಿದ್ದರೆ ಬಚ್ಚಲಲ್ಲೇ ತಿಕ್ಕಿ ಒಣಗಿಸಿ. ಆಮೇಲೆ 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎರಡು ಸಲ ಒರೆಸಿ. ಪ್ರತಿ ಸಲ ಹೊಸ ಟಿಶ್ಯೂ, ಒಂದೇ ದಿಕ್ಕಿಗೆ ಕೈ. ಹಿಂದೆ ಮುಂದೆ ಉಜ್ಜಿದರೆ ಎಣ್ಣೆಯನ್ನು ಹರಡಿದಷ್ಟೇ ಭಾಗ್ಯ. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಮನೆಯಲ್ಲಿ ಉಳಿದಿದೆಯೆಂದು ಅದನ್ನೇ ಬಳಸಬೇಡಿ. ಅದರಲ್ಲಿ ಕೈ ಒರಟಾಗದಿರಲೆಂದು ಗ್ಲಿಸರಿನ್ ಬೆರೆಸಿರುತ್ತಾರೆ, ಅದೂ ಒಂದು ಪದರವಾಗಿ ಉಳಿಯುತ್ತದೆ.

ಒಣಗಿದ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡಿ. ನೀರು ಹರಡಿ ಕೂತರೆ ಸರಿ. ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಾಗಿ ನಿಂತರೆ ಇನ್ನೂ ಒಮ್ಮೆ ತೊಳೆಯಿರಿ. ಮೂರನೇ ಸಲ ತೊಳೆದರೂ ಗುಂಡಾಗಿಯೇ ನಿಂತರೆ ತಪ್ಪು ಕೊಳೆಯದಲ್ಲ, ಪ್ಲಾಸ್ಟಿಕ್ಕಿನದು.

ತೊಳೆದರೂ ಹಿಡಿಯದ ಪ್ಲಾಸ್ಟಿಕ್

ಭಾಗವನ್ನು ಮಗುಚಿ ನೋಡಿ. ಬೆನ್ನಿನಲ್ಲಿ ಎರಡು ಬಾಣದ ಗುರುತುಗಳ ನಡುವೆ ಪ್ಲಾಸ್ಟಿಕ್ಕಿನ ಹೆಸರು ಅಚ್ಚಾಗಿರುತ್ತದೆ. ಎಬಿಎಸ್ (ABS, ಅಂಟು ಚೆನ್ನಾಗಿ ಹಿಡಿಯುವ ಗಟ್ಟಿ ಪ್ಲಾಸ್ಟಿಕ್) ಅಥವಾ ಪಿಸಿ (PC, ಪಾಲಿಕಾರ್ಬೊನೇಟ್) ಸೇರಿದ ಎಬಿಎಸ್ ಎಂದಿದ್ದರೆ ಅದೃಷ್ಟ. ಗೇರ್ ಸುತ್ತಲಿನ ಚೌಕಟ್ಟು, ಮ್ಯೂಸಿಕ್ ಸಿಸ್ಟಮ್ಮಿನ ಸುತ್ತಲಿನ ಅಂಚುಪಟ್ಟಿ, ಪವರ್ ವಿಂಡೋ ಸ್ವಿಚ್ಚಿನ ಪಟ್ಟಿ ಹೆಚ್ಚಾಗಿ ಇದರವೇ. ಪಿಪಿ (PP) ಎಂದಿದ್ದರೆ ಪಾಲಿಪ್ರೊಪಿಲೀನ್. ಬಾಗಿಲಿನ ದೊಡ್ಡ ಹಲಗೆ, ಡ್ಯಾಶ್‌ಬೋರ್ಡಿನ ಕೆಳಭಾಗ ಸಾಮಾನ್ಯವಾಗಿ ಇದು. ಮೊಸರಿನ ಡಬ್ಬಿಯ ಲೇಬಲ್ ಸಲೀಸಾಗಿ ಬಿಚ್ಚಿಬರುವುದು ಎಂಥ ಪ್ಲಾಸ್ಟಿಕ್ಕಿನಿಂದಲೋ ಇದು ಅದೇ ಜಾತಿಯದು. ಲೆಕ್ಕದಲ್ಲಿ ಹೇಳುವುದಾದರೆ ಪಿಪಿಯ ಮೇಲ್ಮೈ ಶಕ್ತಿ (ಹೆಚ್ಚಿದ್ದಷ್ಟೂ ಅಂಟು ಚೆನ್ನಾಗಿ ಹರಡಿ ಹಿಡಿಯುತ್ತದೆ) ಮೀಟರಿಗೆ ಸುಮಾರು 30 ಮಿಲಿನ್ಯೂಟನ್, ಎಬಿಎಸ್‌ನದು 40ರ ಆಸುಪಾಸು. ಆ ಹತ್ತರ ಅಂತರದಲ್ಲೇ ಅಂಟು ನಿಲ್ಲುವುದೋ ಬೀಳುವುದೋ ತೀರ್ಮಾನವಾಗುತ್ತದೆ.

ಪಿಪಿಗೆ ಪರಿಹಾರ ಪ್ರೈಮರ್, ಅಂಟು ಹಿಡಿಯಲೆಂದು ಮೊದಲೇ ಬಳಿಯುವ ದ್ರವ. 3ಎಂ ಕಂಪನಿಯ 94 ನಂಬರಿನದು ಸುಲಭವಾಗಿ ಸಿಗುವಂಥದ್ದು. ಅಂಚುಗಳಿಗೆ, ಒಳಮಡಿಕೆ ಬರುವ ಕಡೆ ಮಾತ್ರ ತೆಳ್ಳಗೆ ಬಳಿದು ಒಣಗಲು ಬಿಡಿ. ಇಡೀ ಭಾಗಕ್ಕೆ ಬಳಿದರೆ ಒಮ್ಮೆ ತಪ್ಪಾಗಿ ಕೂತ ಶೀಟನ್ನು ಎತ್ತಿ ಮತ್ತೆ ಕೂರಿಸಲು ಆಗುವುದಿಲ್ಲ, ನಾಳೆ ಬಿಚ್ಚುವವರ ಶಾಪವೂ ತಟ್ಟುತ್ತದೆ.

ಇನ್ನು ಗ್ರೇನ್ ಇರುವ ಭಾಗಗಳು. ನನ್ನ ಅಭಿಪ್ರಾಯ ಕೇಳಿದರೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ತರಿ ಇದ್ದರೆ ಆ ಭಾಗವನ್ನು ಬಿಟ್ಟುಬಿಡಿ. ಮರಳು ಕಾಗದ ಹಾಕಿ ನುಣ್ಣಗೆ ಮಾಡಿ ಎನ್ನುವವರಿದ್ದಾರೆ. ಮುಂದೆಂದಾದರೂ ಶೀಟು ಬೇಡವೆನಿಸಿದ ದಿನ ಮೊದಲಿನ ರೂಪ ವಾಪಸ್ ಬರುವುದಿಲ್ಲ.

ಕರಾವಳಿಯ ಕಡೆಯ ಹಳೇ ಕಾರುಗಳಲ್ಲಿ ಮತ್ತೊಂದು ಕಾಟ. ಮೆತ್ತಗೆ ರಬ್ಬರಿನಂತಿದ್ದ ಬಣ್ಣದ ಲೇಪ ತೇವಕ್ಕೆ ಕರಗಿ ಜಿಗುಟು ಜಿಗುಟಾಗಿರುತ್ತದೆ. ಅದನ್ನು ಮುಚ್ಚಲೆಂದೇ ಎಷ್ಟೋ ಜನ ವಿನೈಲ್ ತರುವುದು. ಆದರೆ ಶೀಟು ಹಿಡಿಯುವುದು ಆ ಜಿಗುಟನ್ನು, ಪ್ಲಾಸ್ಟಿಕ್ಕನ್ನಲ್ಲ. ಹೆಬ್ಬೆರಳು ಒತ್ತಿ ತೆಗೆದಾಗ ಗುರುತು ಉಳಿದರೆ ಇದೇ ಎಂದು ತಿಳಿಯಿರಿ. ಆಲ್ಕೊಹಾಲಿನಲ್ಲಿ ನೆನೆಸಿದ ಬಟ್ಟೆಯಿಂದ ಉಜ್ಜಿ ಉಜ್ಜಿ ಗಟ್ಟಿ ಪ್ಲಾಸ್ಟಿಕ್ ಕಾಣುವವರೆಗೆ ತೆಗೆಯಲೇಬೇಕು. ಒಂದು ಬಾಗಿಲ ಹಿಡಿಗೆ ಅರ್ಧ ಮಧ್ಯಾಹ್ನ ಹೋಗುತ್ತದೆ.

ಎಳೆದ ಶೀಟು ವಾಪಸ್ ಬರುತ್ತದೆ

ಪಾಲಿಶ್ ತೊಳೆದು ಎರಡನೇ ಸಲ ಹೊದಿಸಿದೆ. ಈ ಸಲ ನಾಲ್ಕು ದಿನ ನಿಂತಿತು. ಐದನೇ ದಿನ ಕಪ್ ಹೋಲ್ಡರಿನ ಗುಂಡಿಯ ಸುತ್ತ ಶೀಟು ಬಿಗಿದ ತಮಟೆಯಂತೆ ಮೇಲೆದ್ದಿತ್ತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು.

ವಿನೈಲಿಗೆ ನೆನಪಿದೆ. ಬಿಸಿ ಮಾಡಿ ಎಳೆದಾಗ ಬಾಗುತ್ತದೆ, ತಣಿದ ಮೇಲೆ ಹಾಗೇ ಕೂತಂತೆ ಕಾಣುತ್ತದೆ. ಮತ್ತೆ ಬಿಸಿ ತಗುಲಿದಾಗ ತನ್ನ ಹಳೆಯ ಚಪ್ಪಟೆ ರೂಪಕ್ಕೆ ಹೊರಡುತ್ತದೆ, ಅದೇ ಬಿಸಿಗೆ ಅಂಟೂ ಮೆತ್ತಗಾಗಿರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇವೆರಡೂ ಒಟ್ಟಿಗೇ ಆಗುತ್ತವೆ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಬೇಸಿಗೆಯ ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರುಗಳ ಡ್ಯಾಶ್‌ಬೋರ್ಡ್ ಸರಾಸರಿ ಸುಮಾರು 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನಮ್ಮ ಕಲಬುರಗಿ, ರಾಯಚೂರಿನ ಮೇ ತಿಂಗಳು ಅರಿಜೋನಾಕ್ಕೆ ಸೋಲುವುದಿಲ್ಲ. ಅಂದರೆ ಹೇರ್ ಡ್ರೈಯರಿನಲ್ಲಿ ನೀವು ಎಷ್ಟು ಬಿಸಿ ಕೊಟ್ಟು ಶೀಟು ಬಗ್ಗಿಸಿದ್ದಿರೋ ಹೆಚ್ಚುಕಡಿಮೆ ಅಷ್ಟೇ ಬಿಸಿಯನ್ನು ಸೂರ್ಯ ದಿನಾ ಕೊಟ್ಟು ಬಿಡಿಸುತ್ತಾನೆ.

ಆ ನೆನಪನ್ನು ಅಳಿಸಬೇಕಾದರೆ ಸೂರ್ಯನಿಗಿಂತ ಹೆಚ್ಚು ಬಿಸಿ ಕೊಡಬೇಕು. ಹೊದಿಸಿ, ಒತ್ತಿ, ಅಂಚು ಕತ್ತರಿಸಿ ಆದಮೇಲೆ ಎಳೆದ ಜಾಗಗಳನ್ನಷ್ಟೇ ಹೀಟ್ ಗನ್ನಿನಿಂದ ಮತ್ತೆ ಕಾಯಿಸುವುದು. ಒಳ್ಳೆಯ ಕಾಸ್ಟ್ ವಿನೈಲಿಗೆ (ದ್ರವವನ್ನು ಹರಡಿ ಒಣಗಿಸಿ ಮಾಡಿದ ಶೀಟು) 90ರಿಂದ 95 ಡಿಗ್ರಿ. ಕೆಲವು ಶೀಟುಗಳಿಗೆ ತಯಾರಕರು ಬೇರೆ ಅಂಕಿ ಹೇಳಿರುತ್ತಾರೆ, ಅದನ್ನೇ ನಂಬಿ. ಇದನ್ನು ಅಂದಾಜಿನಲ್ಲಿ ಮಾಡಲಾಗದು. ದೂರದಿಂದ ಬಿಸಿ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಕೊಳ್ಳಿ, ಇಡೀ ಕೆಲಸದಲ್ಲಿ ದಂಡವಾಗದ ಖರ್ಚು ಅದೊಂದೇ. ಎಬಿಎಸ್ ಕೂಡ ನೂರು ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಹಾಗಾಗಿ ಗನ್ ಒಂದೇ ಕಡೆ ನಿಲ್ಲಬಾರದು, ದೋಸೆಗೆ ಎಣ್ಣೆ ಬಿಡುವ ಕೈಯಂತೆ ಸುತ್ತುತ್ತಿರಬೇಕು. ಅಂಕಿ ಮುಟ್ಟಿತೇ, ಮುಂದಿನ ಜಾಗ. ನಾನು ಒಂದು ತೆಳು ಪಟ್ಟಿಯನ್ನು ಬಾಳೆಕಾಯಿ ಹಪ್ಪಳದಂತೆ ಸೊಟ್ಟ ಮಾಡಿಕೊಂಡ ಮೇಲೆ ಇದು ತಲೆಗೆ ಹತ್ತಿದ್ದು.

ಎಷ್ಟು ಎಳೆದಿದ್ದೇವೆಂದು ತಿಳಿಯಲು ಒಂದು ಉಪಾಯ. ಆಳದ ಜಾಗದಲ್ಲಿ ಕೂರುವ ಕಡೆ ಶೀಟಿನ ಮೇಲೆ ಅಳಿಸಬಹುದಾದ ಮಾರ್ಕರಿನಿಂದ ಸರಿಯಾಗಿ 20 ಮಿಲಿಮೀಟರ್ ಅಂತರದಲ್ಲಿ ಎರಡು ಚುಕ್ಕೆ ಇಡಿ. ಹೊದಿಸಿದ ಮೇಲೆ ಅಳೆಯಿರಿ. 22 ಆಗಿದ್ದರೆ ನಿಶ್ಚಿಂತೆ. 24 ದಾಟಿದ್ದರೆ ಆ ಜಾಗ ಇವತ್ತಲ್ಲ ನಾಳೆ ಏಳುತ್ತದೆಂದೇ ನನ್ನ ಲೆಕ್ಕ, ಎಷ್ಟೇ ಕಾಯಿಸಿದರೂ. ನನ್ನ ಕಪ್ ಹೋಲ್ಡರಿನಲ್ಲಿ 29 ಬಂದಿತ್ತು!

ಅಂಥ ಕಡೆ ಒಂದೇ ತುಂಡಿನಲ್ಲಿ ಮುಗಿಸುವ ಹಟ ಬೇಡ. ಗುಂಡಿಯ ಒಳಗೋಡೆಗೆ ಮೊದಲು ಬೇರೊಂದು ಪಟ್ಟಿ ಅಂಟಿಸಿ, ಅದು ಮೇಲಂಚಿನಿಂದ ಮೂರು ನಾಲ್ಕು ಮಿಲಿಮೀಟರ್ ಹೊರಗೆ ಮಡಿಚಿರಲಿ. ಮೇಲಿನ ದೊಡ್ಡ ತುಂಡು ಅದರ ಮೇಲೆ ಬಂದು ಅಂಚಿನಲ್ಲಿ ನಿಲ್ಲಲಿ. ಎರಡು ತುಂಡು ಸೇರಿದ ಗೆರೆ, ಅಂದರೆ ಜೋಡು, ಕಾಣುತ್ತದಲ್ಲ ಎಂದು ಮೂಗು ಮುರಿಯುವವರಿಗೆ ಹೇಳುವುದಿಷ್ಟೇ: ಕಪ್ ಇಟ್ಟ ಮೇಲೆ ಕಾಣುವುದಿಲ್ಲ. ಆಳ ಕಡಿಮೆಯಿದ್ದು ಒಂದೇ ತುಂಡು ಸಾಕೆನಿಸಿದರೆ ಮೊದಲು ಕುಳಿಯ ತಳಕ್ಕೆ ಶೀಟನ್ನು ಕೂರಿಸಿ ಅಲ್ಲಿಂದ ಹೊರಕ್ಕೆ ಬನ್ನಿ. ಹೊರಗಿನ ನಾಲ್ಕು ಅಂಚು ಹಿಡಿಸಿ ಆಮೇಲೆ ನಡುವೆ ಒತ್ತಿದರೆ ಇಡೀ ಎಳೆತ ಕುಳಿಯ ಮೇಲೇ ಬೀಳುತ್ತದೆ.

ಕುಗ್ಗುವ ಶೀಟನ್ನು ಹಚ್ಚುವ ಮೊದಲೇ ಹಿಡಿಯಬಹುದು. ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಚೆನ್ನಾಗಿ ತೊಳೆದು ಅಂಗೈಯಗಲ ತುಂಡು ಅಂಟಿಸಿ, ಒಂದು ರಾತ್ರಿ ಬಿಟ್ಟು, ಬ್ಲೇಡಿನಿಂದ ನಡುವೆ ಅಡ್ಡ ಉದ್ದ ಎರಡು ಗೀರು ಹಾಕಿ. ಮುಚ್ಚಳವನ್ನು ಮುಂದಿನ ಗಾಜಿನ ಕೆಳಗೆ ಎರಡು ಮೂರು ದಿನ ಬಿಸಿಲಿಗಿಡಿ. ಗೀರು ಗೀರಾಗಿಯೇ ಉಳಿದರೆ ಶೀಟು ಒಳ್ಳೆಯದು. ಬಾಯಿ ತೆರೆದು ಸ್ಟೀಲು ಇಣುಕಿದರೆ ಕ್ಯಾಲೆಂಡರ್ಡ್ ಶೀಟು, ಅದೂ ಕೆಳದರ್ಜೆಯದು. ಕ್ಯಾಲೆಂಡರ್ಡ್ ಎಂದರೆ ರೋಲರುಗಳ ನಡುವೆ ಲಟ್ಟಿಸಿ ತೆಗೆದದ್ದು, ಆ ಲಟ್ಟಿಸಿದ ಸೆಳೆತ ಅದರೊಳಗೇ ಉಳಿದಿರುತ್ತದೆ. ಸಾಮಾನ್ಯವಾಗಿ 75ರಿಂದ 100 ಮೈಕ್ರಾನ್ ದಪ್ಪ. ಕಾಸ್ಟ್ ಶೀಟು ದ್ರವವಾಗಿ ಹರಡಿ ಒಣಗಿಸಿದ್ದು, 50 ಮೈಕ್ರಾನ್ ಆಸುಪಾಸು, ಸೆಳೆತ ಕಡಿಮೆ, ಬೆಲೆ ಜಾಸ್ತಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಸ್ಟಿಕ್ಕರ್ ಅಂಗಡಿಯಲ್ಲಾಗಲಿ ‘ಇಂಪೋರ್ಟೆಡ್ ಸಾರ್’ ಎಂದರೆ ಅದು ಉತ್ತರವಲ್ಲ. ಕಾಸ್ಟಾ ಕ್ಯಾಲೆಂಡರ್ಡಾ ಎಂದು ಕೇಳಿ. ಐದಡಿ ಅಗಲದ ರೋಲಿನಿಂದ ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಒಳಗಿನ ಟ್ರಿಮ್ಮಿಗೆ ಬೇಕಾಗುವುದೇ ಮೂರು ನಾಲ್ಕಡಿ, ಅದರಲ್ಲಿ ಜಿಪುಣತನ ಬೇಡ.

ಗುಳ್ಳೆ

ಬೆರಳಲ್ಲಿ ಒತ್ತಿ. ಸರಿದಾಡಿದರೆ ಗಾಳಿ. ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ಧೂಳಿನ ಕಣ, ಅದಕ್ಕೆ ಮದ್ದಿಲ್ಲ. ಒತ್ತಿದಾಗ ಅಗಲವಾಗಿ ಹರಡಿ ಮತ್ತೆ ಸೇರಿದರೆ ನೀರು. ಸೋಪು ನೀರು ಚಿಮುಕಿಸಿ ಅಂಟಿಸುವ ಪದ್ಧತಿ ಗಾಜಿನ ಸನ್ ಫಿಲ್ಮಿಗೆ ಸರಿ. ಗಾಳಿ ಹೊರಹೋಗಲು ಅಂಟಿನಲ್ಲೇ ಸಣ್ಣ ಕಾಲುವೆಗಳಿರುವ ಈಗಿನ ಶೀಟಿಗೆ ಅದು ಬೇಡ, ನೀರು ಆ ಕಾಲುವೆಗಳಲ್ಲೇ ನಿಂತುಬಿಡುತ್ತದೆ.

ಗಾಳಿಯಾದರೆ ಹತ್ತಿರದ ಅಂಚಿನತ್ತ ನೂಕಿ. ಹೋಗದಿದ್ದರೆ ಹೊಲಿಗೆ ಸೂಜಿಯನ್ನು ಓರೆಯಾಗಿ ಚುಚ್ಚಿ, ಸುತ್ತಲಿಂದ ರಂಧ್ರದ ಕಡೆಗೆ ಒತ್ತಿ. ಬ್ಲೇಡಿನಿಂದ ಸೀಳಬೇಡಿ, ಸೀಳು ಬಿಸಿಲಿಗೆ ಅಗಲವಾಗುತ್ತದೆ.

ಬಿಳುಪು, ಮಂಕು, ಸುಕ್ಕು

ಮೂಲೆಯಲ್ಲಿ ಬಣ್ಣ ಹಾಲು ಬೆರೆತಂತೆ ಬೆಳ್ಳಗಾದರೆ ತಣ್ಣಗೆ ಎಳೆದಿದ್ದೀರಿ. ಮೆಲ್ಲಗೆ ಕಾಯಿಸಿದರೆ ಸ್ವಲ್ಪ ಮಟ್ಟಿಗೆ ವಾಪಸ್ ಬರುತ್ತದೆ. ಹೊಳೆಯುವ ಗ್ಲಾಸಿ ಶೀಟಿನ ಹೊಳಪು ಕಿತ್ತಳೆ ಸಿಪ್ಪೆಯಂತೆ ತರಿಯಾದರೆ ಅತಿಯಾಗಿ ಸುಟ್ಟಿದ್ದೀರಿ, ಅದು ವಾಪಸ್ ಬರುವುದಿಲ್ಲ. ನೆರಿಗೆ ಬಿದ್ದರೆ ಅದರ ಮೇಲೆ ಸ್ಕ್ವೀಜಿ (ಶೀಟನ್ನು ಒತ್ತಿ ಸವರುವ ಪಟ್ಟಿ) ಉಜ್ಜಬೇಡಿ. ಶೀಟನ್ನು ಅಲ್ಲಿಯವರೆಗೆ ಎತ್ತಿ, ಬಿಸಿ ತೋರಿಸಿ, ಅದು ತಾನಾಗಿ ಚಪ್ಪಟೆಯಾದ ಮೇಲೆ ಮತ್ತೆ ಇಳಿಸಿ. ನೆನಪು ಇಲ್ಲಿ ಮಾತ್ರ ನಮ್ಮ ಪರ.

ಒಂದು ಮಾತು, ದೋಷವಲ್ಲದಿದ್ದರೂ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಹೊಳೆಯುವ ಶೀಟು ಹಾಕಬೇಡಿ. ಮಧ್ಯಾಹ್ನ ಮುಂದಿನ ಗಾಜಿನಲ್ಲಿ ಅದೇ ಪ್ರತಿಫಲಿಸಿ ರಸ್ತೆ ಮಸುಕಾಗುತ್ತದೆ.

ಜೋಡಿಸಿದ ಮೇಲೆ ಬರುವ ತಕರಾರು

ಹೊದಿಸಿದ ಭಾಗ ಸ್ವಸ್ಥಾನಕ್ಕೆ ಕೂರುತ್ತಿಲ್ಲವೇ? ಅಂಟು ಸೇರಿ ಶೀಟು ಒಂದು ಬದಿಗೆ 0.1 ಮಿಲಿಮೀಟರಿನ ಆಸುಪಾಸು ದಪ್ಪ ತರುತ್ತದೆ, ಎದುರುಬದುರು ಎರಡು ಬದಿಯಾದರೆ ಎರಡರಷ್ಟು, ಮೂಲೆಯಲ್ಲಿ ಮಡಿಕೆ ಮೇಲೆ ಮಡಿಕೆಯಾದರೆ ಇನ್ನೂ ಹೆಚ್ಚು. ಬಲ ಹಾಕಿ ಗುದ್ದಿದರೆ ಮುರಿಯುವುದು ಕ್ಲಿಪ್ಪೇ. ಕ್ಲಿಪ್ ಕೂರುವ ಕುಳಿಗಳಲ್ಲಿ, ಸ್ವಿಚ್ ಜಾರುವ ಬಾಯಿಗಳಲ್ಲಿ ಶೀಟು ಒಳಹೋಗಿದೆಯೇ ನೋಡಿ, ಕತ್ತರಿಸಿ. ಹಿಂಬದಿಗೆ ಮಡಿಸಿದ ಅಂಚು ನಾಲ್ಕೈದು ಮಿಲಿಮೀಟರ್ ಇದ್ದರೆ ಸಾಕು. ಓಡಿಸುವಾಗ ಕಿರ್ ಕಿರ್ ಎಂದರೆ ವಿನೈಲ್ ವಿನೈಲಿಗೆ ಉಜ್ಜುತ್ತಿದೆ, ನಡುವೆ ಬಟ್ಟೆಯ ಫೆಲ್ಟ್ ಟೇಪ್ ಹಾಕಿ.

ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಆರದೆ ನಿಂತಿದ್ದರೆ ಅದು ವಿನೈಲಿನ ದೋಷವಲ್ಲ, ಬಿಚ್ಚುವಾಗಿನ ಅವಸರದ್ದು. ಯಾವುದೋ ಕನೆಕ್ಟರ್ ತೆಗೆದಿಟ್ಟು ಕೀ ಆನ್ ಮಾಡಿದ್ದೀರಿ. ಮತ್ತೆ ಜೋಡಿಸಿದರೂ ಎಷ್ಟೋ ಕಾರುಗಳಲ್ಲಿ ದೀಪ ಹಾಗೇ ಉಳಿಯುತ್ತದೆ, ಸ್ಕ್ಯಾನರ್ ಇರುವ ವರ್ಕ್‌ಶಾಪಿಗೇ ಹೋಗಬೇಕು. ಮೊದಲೇ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ಹತ್ತು ನಿಮಿಷ ಕಾಯುವುದು ಇದಕ್ಕೇ. ನಮ್ಮಲ್ಲಿ 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯ, ಹೊಸ ಮಾದರಿಗಳಲ್ಲಿ 2021ರ ಏಪ್ರಿಲ್‌ನಿಂದ ಪಕ್ಕದ ಸೀಟಿಗೂ. ಆ ಪಕ್ಕದ ಸೀಟಿನ ಏರ್‌ಬ್ಯಾಗ್ ಅಡಗಿರುವುದು ಎದುರಿನ ಡ್ಯಾಶ್‌ಬೋರ್ಡಿನ ಒಳಗೆ. ಸ್ಟಿಯರಿಂಗಿನ ನಡುಭಾಗ, ಆ ಡ್ಯಾಶ್‌ಬೋರ್ಡ್ ಭಾಗ, ಏರ್‌ಬ್ಯಾಗ್ ಎಂದು ಬರೆದ ಕಂಬಗಳು, ಇವಕ್ಕೆ ಶೀಟು ಹೊದಿಸಲೇಬಾರದು. ಏರ್‌ಬ್ಯಾಗ್ ಸೀಳಿಕೊಂಡು ಹೊರಬರಬೇಕಾದ ಜಾಗ ಅದು. ಅಂದಕ್ಕಾಗಿ ಅಲ್ಲಿ ಅಡ್ಡ ಹಾಕಿದ ಕಾರು ನಿಮ್ಮ ಕೈಗೆ ಬಂದಿದ್ದರೆ ಇವತ್ತೇ ಕಿತ್ತುಹಾಕಿ.

ಬಿಚ್ಚಿ ಮತ್ತೆ ಮಾಡುವಾಗ

50–60 ಡಿಗ್ರಿ ಬಿಸಿ ಮಾಡಿ, ಶೀಟನ್ನು ಮೇಲಕ್ಕೆ ಜಗ್ಗದೆ ಅದರ ಮೇಲೇ ಮಗುಚಿದ ಹಾಗೆ ನಿಧಾನವಾಗಿ ಎಳೆಯಿರಿ. ಉಳಿದ ಅಂಟಿಗೆ ಆಲ್ಕೊಹಾಲ್, ಬಗ್ಗದಿದ್ದರೆ ಸೀಮೆಎಣ್ಣೆ. ಸೀಮೆಎಣ್ಣೆ ಬಳಸಿದರೆ ಮತ್ತೆ ಸೋಪಿನಿಂದ ಶುರುಮಾಡಿ, ಇಲ್ಲವಾದರೆ ಪಾಲಿಶಿನ ಕಥೆಯೇ. ಥಿನ್ನರ್ ಬೇಡ. ನೇಲ್ ಪಾಲಿಶ್ ರಿಮೂವರ್ ಅಂತೂ ಬೇಡವೇ ಬೇಡ, ಅದರಲ್ಲಿ ಅಸಿಟೋನ್ ಇದ್ದರೆ ಎಬಿಎಸ್ ಬೆಣ್ಣೆಯಂತೆ ಕರಗುತ್ತದೆ. ಕಿತ್ತ ಶೀಟನ್ನು ಮತ್ತೆ ಬಳಸುವ ಆಸೆಯನ್ನೂ ಬಿಡಿ.

ಹೊಸದಾಗಿ ಹೊದಿಸಿ, ಕಾಯಿಸಿ ಆದಮೇಲೆ ಎರಡು ದಿನ ಕಾರನ್ನು ನೆರಳಲ್ಲಿಡಿ. ಅಂಟು ಪೂರ್ತಿ ಬಲ ಹಿಡಿಯಲು ಅಷ್ಟು ಸಮಯ ಬೇಕು. ಭಾಗವನ್ನು ಕಾರಿಗೆ ಹಾಕದೆ ಮನೆಯೊಳಗೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ದಾರಿಯಲ್ಲಿ ಹೋಗುವವರಿಗೆ ತೋರಿಸುವ ಆಸೆ ತಡೆದುಕೊಳ್ಳಬಲ್ಲಿರಾದರೆ.

ನನ್ನದು ಮೂರನೇ ಸಲಕ್ಕೆ ನಿಂತಿದೆ. ಕಪ್ ಹೋಲ್ಡರಿನಲ್ಲಿ ಜೋಡು ಇದೆ. ಸೂಪರ್ ಗ್ಲೂವಿನ ವಿಭೂತಿ ಗೇರ್ ಬೂಟಿನ (ಗೇರ್ ಕೋಲಿನ ಸುತ್ತಲಿನ ಮೆತ್ತನೆ ಹೊದಿಕೆ) ಬುಡದಲ್ಲಿ ಈಗಲೂ ಕಾಣುತ್ತದೆ, ಅಲ್ಲಿಗೆ ಶೀಟು ಮುಟ್ಟುವುದಿಲ್ಲ.